ಕಾಣದ ಕಾಲು

ಅದು ಬರೀ ಒಂದು ಹಾಳೆ. ಬೊಂಬಾಯಿಯ ಯಾವುದೋ ಪತ್ರಿಕೆಯದ್ದು.
ಹಿಂಬದಿಯಲ್ಲಿ ಹಲ್ಲುಪುಡಿ, ಅರ್ಧ ನಗುವ ಹೆಂಗಸು.
ಮುಂದೆ ಒಂದು ಕುರ್ಚಿ. ಮಾಡಿದವನ ಹೆಸರು
ಹರಿದ ಅಂಚಿನೊಟ್ಟಿಗೆ ಹೋಗಿ
ಉಳಿದದ್ದು ಕೊನೆಯ ಮೂರಕ್ಷರ.
ಯಾರೋ ಚಳಿದೇಶದವ, ಎಂದರು ಡಾಕ್ಟರ್ ಶಾಂತಾರಾಮ ಕಿಣಿ,
ಇಂಥದ್ದೇ ಬೇಕು ಆಚಾರಿ, ನನ್ನ ಶಾಪಿಗೆ.

ಬಂದ್ಯೋಡು. ಐವತ್ತೇಳನೇ ಇಸವಿ. ನನಗೆ ಹನ್ನೊಂದು,
ಕೀಸುಳಿಯಿಂದ ಬಿದ್ದ ಸುರುಳಿ ಗುಡಿಸುವುದು ನನ್ನ ಕೆಲಸ.
ಸೂರಪ್ಪ ಆಚಾರಿ ಹಾಳೆಯನ್ನು ಬೆಳಕಿಗೆ ಹಿಡಿದರು.
ಹೂ?
ಬೇಡವಂತೆ.
ಬಳ್ಳಿ? ಗಿಳಿ? ಕಾಲಿಗೆ ಸಿಂಹದ ಉಗುರಾದರೂ?
ಬೇಡ. ಮರ ಮರದ ಹಾಗೇ ಇರಲಿ ಅಂತಾನೆ.
ಆಚಾರಿ ತುಂಬ ಹೊತ್ತು ಎಲೆ ಜಗಿದರು.
ಸಂದು ತಪ್ಪಿದರೆ ಮುಚ್ಚಲಿಕ್ಕೆ ಒಂದು ಎಸಳೂ ಇಲ್ಲ, ಎಂದರು.
ಭಾರೀ ಧೈರ್ಯದವ ಇವ.

ಆಮೇಲೆ ಎಣಿಸಿದರು. ಒಂದು, ಎರಡು, ಮೂರು.
ತಲೆ ವಾಲಿಸಿ ಚಿತ್ರದ ಹಿಂದೆ ಇಣುಕಿದರು,
ಬಾಗಿಲ ಸಂದಿಯಲ್ಲಿ ನೋಡುವ ಮಗುವಿನ ಹಾಗೆ.
ನಾಲ್ಕನೆಯದು ಮುಂದಿನ ಕಾಲಿನ ಮರೆಯಲ್ಲಿದೆಯೋ
ಇಲ್ಲವೇ ಇಲ್ಲವೋ.
ಹಾಳೆ ತಿರುಗಿಸಿದರೆ ಹಲ್ಲುಪುಡಿ.

ಮರ ಬಾಗಬೇಕಿತ್ತು.
ಶಿರಿಯದ ಅಳಿವೆಯಲ್ಲಿ ದೋಣಿ ಕಟ್ಟುವ ಅಂದುಂಞಿಯನ್ನು ಕೇಳಿದರು,
ಹಲಗೆ ಹೇಗೆ ಬಳುಕಿಸುತ್ತಿ ಮಾರಾಯ?
ಬಿಸಿ ಕೊಡು, ಅವಸರ ಕೊಡಬೇಡ, ಎಂದ ಆತ.
ಭತ್ತ ಬೇಯಿಸುವ ಹಂಡೆಯ ಮೇಲೆ
ಮೂರು ರಾತ್ರಿ ಹೆಬ್ಬಲಸಿನ ಪಟ್ಟಿಗಳು ಹಬೆ ಕುಡಿದವು.
ಆಚಾರಿಯ ಹೆಂಡತಿ ಬೈದಳು: ಅಕ್ಕಿಗೆಲ್ಲ ಮರದ ವಾಸನೆ.
ಡಾಕ್ಟರು ಮೂಸಿ ನಕ್ಕರು: ಕುರ್ಚಿಗೆ ಗಂಜಿಯ ವಾಸನೆ.

ಕಾಲು ಮೂರೇ. ಮುಂದೆರಡು, ಹಿಂದೆ ನಡುವಲ್ಲೊಂದು.
ಯಾರೋ ಕೇಳಿದರು, ಆಚಾರಿ, ಒಂದು ಮರೆತಿರಾ?
ಒಲೆಗೆ ಗುಂಡು ಎಷ್ಟುಂಟು? ಎಂದರು. ಅನ್ನ ಚೆಲ್ಲಿದ್ದುಂಟಾ?
ನಿಜ. ಶಾಪಿನ ಸೆಗಣಿ ನೆಲದಲ್ಲಿ
ಬೆಂಚು ಕುಂಟುತ್ತಿತ್ತು, ಮೇಜು ಕುಂಟುತ್ತಿತ್ತು, ಇದು ಕುಂಟಲಿಲ್ಲ.
ಆದರೆ ಗತ್ತಿನಿಂದ ಕೂರಲು ಯಾರಿಂದಲೂ ಆಗುತ್ತಿರಲಿಲ್ಲ ಅದರಲ್ಲಿ.
ಕೂತವರು ಹಿಂದಕ್ಕೆ ಜಾರಿ, ಮೊಣಕಾಲು ಮೇಲಾಗಿ
ಮಾಡಿನ ಹಂಚು ಎಣಿಸಬೇಕು.
ಸೂಜಿಗೆ ಹೆದರುವವರಿಗೆ ಒಳ್ಳೆಯದೇ ಆಯಿತು.
ಪಟೇಲರು ಒಮ್ಮೆ ಕೂತವರು ಮತ್ತೆಂದೂ ನಿಂತೇ ಮಾತಾಡಿದರು.
ಹೊಸದಾಗಿ ಬಂದ ವಿಲ್ಲೇಜ್ ಆಫೀಸರು
ಮಲಯಾಳದ ನೋಟೀಸು ಕೊಡಲು ಬದಿಗೆ ಬಗ್ಗಿ
ಕುರ್ಚಿ ಸಮೇತ ಮಗುಚಿದರು.
ನೋಟೀಸು ಓದಿ ಹೇಳಲು ಯಾರೂ ಇರಲಿಲ್ಲ,
ನಗಲು ಊರೇ ಇತ್ತು.

ಈಗ ನನಗೆ ಎಪ್ಪತ್ತೊಂಬತ್ತು.
ಕಿಣಿಯವರ ಮೊಮ್ಮಗಳು ರಿಕ್ಷಾದಲ್ಲಿ ತಂದಿಳಿಸಿ
ಬೆತ್ತ ಹರಿದಿದೆ, ಹೆಣೆದು ಕೊಡಿ ಅಂದಳು.
ಫೋನಿನಲ್ಲಿ ಅಸಲಿಯನ್ನು ಹುಡುಕಿ ತೋರಿಸಲಾ ಅಂದಳು.
ಈಗ ಬೆರಳಲ್ಲಿ ತಿರುಗಿಸಿ ಹಿಂದಿನಿಂದಲೂ ನೋಡಬಹುದಂತೆ.
ಆಮೇಲೆ ಮಗಾ, ಅಂದೆ.

ಅವಳು ಹೋದ ಮೇಲೆ ಮಗುಚಿ ಹಾಕಿದೆ. ಹಳೆ ಬೆತ್ತ ಕಿತ್ತೆ.
ಅಡಿಯಲ್ಲಿ, ಕೂತವರಿಗೆ ಕಾಣದ ಕಡೆ,
ಹಿಂದಿನ ಎರಡು ಮೂಲೆಗೂ ಒಂದೊಂದು ತೂತು ಕೊರೆದು
ಅದೇ ಮರದ ಬೆಣೆ ಬಡಿದು ಮುಚ್ಚಿದ್ದು,
ನಾರಿಗೆ ನಾರು ಕೂಡಿಸಿ, ಉಗುರು ಎಲ್ಲೂ ತಡೆಯದ ಹಾಗೆ.
ಪಕ್ಕದಲ್ಲಿ ಪೆನ್ಸಿಲಿನ ಗೆರೆ. ಅಳಿಸಿದ್ದು.
ಮತ್ತೆ ಎಳೆದದ್ದು. ಮತ್ತೆ ಅಳಿಸಿದ್ದು.

ಮೊದಲು ನಾಲ್ಕೇ ಇತ್ತು ಹಾಗಾದರೆ.
ಒಲೆಯ ಗುಂಡಿನ ಮಾತು ಆಮೇಲೆ ಹುಟ್ಟಿದ್ದು.
ಎಷ್ಟು ರಾತ್ರಿ, ಆಚಾರಿಯರೇ?

ಬೆಣೆಯನ್ನು ಬೆರಳ ಗೆಣ್ಣಿನಿಂದ ತಟ್ಟಿದೆ.
ಗಟ್ಟಿ ಉಂಟು.
ಬೆತ್ತವನ್ನು ನೀರಿಗೆ ಹಾಕಿ
ಫೋನು ಬಂದರೆ ಎತ್ತಬೇಡ ಅಂದೆ ಮನೆಯವಳಿಗೆ.